‘ರೇನ್ ಇನ್’ ಅಂದ್ರೆ ಕಂಟ್ರೋಲ್ ಮಾಡೋದಾ, ನಿಲ್ಲಿಸೋದಾ? ಕರ್ಬ್‌ಗೂ ಇದಕ್ಕೂ ಏನ್ ವ್ಯತ್ಯಾಸ?

ಹಾಸನದ_ಕಡೆಯವಳು

ಎಲ್ರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದೀನಿ, ಇಂಗ್ಲಿಷ್ ಸೆಕ್ಷನ್ ಸ್ವಲ್ಪ ವೀಕು, ಅದಕ್ಕೆ ದಿನಾ ಇಂಗ್ಲಿಷ್ ಪೇಪರ್‌ನ ಬಿಸಿನೆಸ್ ಪುಟ ಓದೋ ಅಭ್ಯಾಸ ಮಾಡ್ಕೊಂಡಿದೀನಿ. ಅಲ್ಲಿ ಒಂದು ಪದ ಮೇಲಿಂದ ಮೇಲೆ ಸಿಗ್ತಾ ಇದೆ, ‘ರೇನ್ ಇನ್’, ಸ್ಪೆಲ್ಲಿಂಗು ಆರ್-ಇ-ಐ-ಎನ್. ಹಣದುಬ್ಬರಾನ ರೇನ್ ಇನ್ ಮಾಡೋಕೆ ಆರ್‌ಬಿಐ ಬಡ್ಡಿ ಏರಿಸ್ತು, ಸರ್ಕಾರ ಖರ್ಚನ್ನ ರೇನ್ ಇನ್ ಮಾಡ್ಬೇಕು, ಬ್ಯಾಟ್ಸ್‌ಮನ್ ಹೊಡೆಯೋ ಆಸೇನ ರೇನ್ ಇನ್ ಮಾಡ್ಕೊಂಡು ಆಡ್ದ, ಹಿಂಗೆ. ಡಿಕ್ಷನರಿ ತೆಗೆದ್ರೆ ‘ನಿಯಂತ್ರಿಸು’ ಅಂತ ಬರ್ದು ಕೈ ತೊಳ್ಕೊಂಡಿದಾರೆ. ಸರಿ, ಆದ್ರೆ ಕಂಟ್ರೋಲ್‌ಗೂ ನಿಯಂತ್ರಿಸು, ಕರ್ಬ್‌ಗೂ ನಿಯಂತ್ರಿಸು, ರೆಗ್ಯುಲೇಟ್‌ಗೂ ಅದೇ, ರಿಸ್ಟ್ರೇನ್‌ಗೂ ಅದೇ. ನಾಲ್ಕನ್ನೂ ಆಪ್ಷನ್‌ನಲ್ಲಿ ಕೊಟ್ಟು ‘ಫಿಲ್ ಇನ್ ದ ಬ್ಲ್ಯಾಂಕ್’ ಅಂದ್ರೆ ನಾನ್ ಯಾವ್ದನ್ನ ಟಿಕ್ ಮಾಡ್ಲಿ?

ಇನ್ನೊಂದು, ಈ ‘ಇನ್’ ಯಾಕೆ, ಬಿಟ್ರೆ ತಪ್ಪಾ? ಮತ್ತೆ ‘ಫ್ರೀ ರೇನ್’ ಅನ್ನೋದನ್ನ ಒಂದು ಕೋಚಿಂಗ್ ನೋಟ್ಸ್‌ನಲ್ಲಿ ಮಧ್ಯ ಜಿ ಹಾಕಿ ಬರ್ದಿದಾರೆ, ಇನ್ನೊಂದರಲ್ಲಿ ಜಿ ಇಲ್ಲ. ಮನುಷ್ಯರ ಬಗ್ಗೆ ಹೇಳ್ವಾಗ್ಲೂ ಇದನ್ನ ಬಳಸ್ಬಹುದಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಅಗ್ರಹಾರದ_ಹುಡ್ಗ

ನಾನು ಮೈಸೂರಿನವನು, ಕುದುರೆ ಗಾಡಿ ನೋಡ್ಕೊಂಡೇ ಬೆಳೆದವನು, ಅದಕ್ಕೆ ಅಲ್ಲಿಂದಾನೇ ಶುರು ಮಾಡ್ತೀನಿ. ರೇನ್ ಅಂದ್ರೆ ಕುದುರೆ ಬಾಯಿಂದ ಓಡ್ಸೋನ ಕೈವರೆಗೆ ಬರುತ್ತಲ್ಲ ಚರ್ಮದ ಪಟ್ಟಿ, ಅದು. ಗೀತೋಪದೇಶದ ಕ್ಯಾಲೆಂಡರ್ ಮನೇಲಿದ್ರೆ ನೋಡಿ, ಕೃಷ್ಣ ಒಂದು ಕೈಲಿ ಹಿಡ್ಕೊಂಡಿರ್ತಾನಲ್ಲ ಆ ಪಟ್ಟಿಗಳೇ ರೇನ್ಸ್. ಕುದುರೆ ಬಾಯೊಳಗೆ ಇರೋ ಕಬ್ಬಿಣದ ತುಂಡು ಬೇರೆ, ಅದಕ್ಕೆ ಬಿಟ್ ಅಂತಾರೆ. ತಲೆಗೆ ಹಾಕೋ ಇಡೀ ಸೆಟ್ಟಿಗೆ ಬ್ರೈಡಲ್. ನಾವು ಕನ್ನಡದಲ್ಲಿ ಇದೆಲ್ಲಾನೂ ಸೇರ್ಸಿ ಲಗಾಮು ಅಂದ್ಬಿಡ್ತೀವಿ.

ಜಟಕಾ ಓಡ್ಸೋ ಸಾಬ್ರ ಪಕ್ಕ ಕೂತು ನೋಡಿದ್ರೆ ಪದ ತಾನಾಗೇ ತಲೆಗೆ ಹೋಗುತ್ತೆ. ಇಳಿಜಾರು ಬಂದಾಗ ಕುದುರೆ ತಾನೇ ಸ್ಪೀಡ್ ತಗೊಳುತ್ತೆ, ಅವ್ರು ಪಟ್ಟೀನ ಎರಡು ಸುತ್ತು ಮುಂಗೈಗೆ ಸುತ್ಕೊಂಡು ಎದೆ ಕಡೆಗೆ ಎಳ್ಕೊತಾರೆ, ಕುದುರೆ ಕತ್ತು ಬಾಗುತ್ತೆ, ಬಾಯಿ ತುದೀಲಿ ನೊರೆ ಕಾಣುತ್ತೆ, ಕಾಲು ಓಟದಿಂದ ನಡಿಗೆಗೆ ಬರುತ್ತೆ. ಗಮನಿಸ್ಬೇಕಾದ್ದು ಏನಂದ್ರೆ ಗಾಡಿ ನಿಲ್ಲಲ್ಲ. ಓಡ್ತಾನೇ ಇರುತ್ತೆ, ಆದ್ರೆ ಅವ್ರು ಹೇಳ್ದಷ್ಟೇ. ಅದು ರೇನ್ ಇನ್. ಹಾಗಾಗಿ ನಿಮ್ಮ ಟೈಟಲ್‌ನ ಪ್ರಶ್ನೆಗೆ ನನ್ನ ಉತ್ತರ, ನಿಲ್ಲಿಸೋದು ಅಲ್ಲ. ಕೈ ಮೀರಿ ಓಡ್ತಿರೋದನ್ನ ಹತೋಟಿಗೆ ತರೋದು. ಕಂಟ್ರೋಲ್ ಅನ್ನೋಕೆ ಏನೂ ಕೈ ಮೀರಿರ್ಬೇಕಾಗಿಲ್ಲ, ಲಿಫ್ಟ್ ಬಟನ್ನೂ ಕಂಟ್ರೋಲೇ, ಟಿವಿ ರಿಮೋಟೂ ಕಂಟ್ರೋಲೇ.

ಸುಮ್ನೆ_ಬಂದೆ

ಇದನ್ನ ಗೂಗಲ್‌ಗೆ ಹಾಕಿದ್ರೆ ಎರಡು ಸೆಕೆಂಡಲ್ಲಿ ಮುಗೀತಿತ್ತಲ್ವಾ

ಹಾಸನದ_ಕಡೆಯವಳು

ಹಾಕ್ದೆ ಅಣ್ಣ, ‘ನಿಯಂತ್ರಿಸು’ ಅಂತ ಬಂತು. ಅದಕ್ಕೇ ಇಲ್ಲಿಗೆ ಬಂದೆ 😄

ಕುದುರೆ_ಮೇಲಿಂದ_ಬಿದ್ದವ

ಅಗ್ರಹಾರದವ್ರು ಹೇಳಿದ್ದು ಕರೆಕ್ಟು. ಕಾಲೇಜಲ್ಲಿ ಎನ್‌ಸಿಸಿ ರಿಮೌಂಟ್ ಅಂಡ್ ವೆಟರಿನರಿ ಯೂನಿಟ್‌ನಲ್ಲಿದ್ದೆ, ಯೂಸರ್‌ನೇಮ್ ನೋಡಿದ್ರೆ ನಾನು ಎಂಥಾ ಸವಾರ ಅಂತ ಗೊತ್ತಾಗುತ್ತೆ, ಆದ್ರೂ ‘ಇನ್’ ಬಗ್ಗೆ ಮತ್ತೆ ಕರ್ಬ್ ಬಗ್ಗೆ ನಾನ್ ಹೇಳ್ಬಹುದು.

‘ಇನ್’ ಅಂದ್ರೆ ಇಲ್ಲಿ ‘ಒಳಗೆ’ ಅಲ್ಲ, ‘ನನ್ನ ಕಡೆಗೆ’. ಗಾಳಿಪಟದ ದಾರ ಎಳ್ಕೊತೀವಲ್ಲ ಹಾಗೆ ಪಟ್ಟೀನ ತನ್ನ ಕಡೆ ತಗೊಳೋದು. ‘ರೇನ್’ ಒಂದನ್ನೇ ಕ್ರಿಯಾಪದವಾಗಿ ಹಳೇ ಇಂಗ್ಲಿಷ್‌ನಲ್ಲಿ ಬಳಸ್ತಿದ್ರು, ಈಗ್ಲೂ ‘ರೇನ್ ಬ್ಯಾಕ್’ ಅಂತ ಕೆಲವ್ರು ಬರೀತಾರೆ, ಆದ್ರೆ ಇವತ್ತಿನ ಬಳಕೇಲಿ ‘ಇನ್’ ಬಿಟ್ರೆ ವಾಕ್ಯ ಕುಂಟುತ್ತೆ, ಪರೀಕ್ಷೇಲಿ ಬಿಡ್ಲೇಬೇಡಿ. ಜಾಗ ಮಾತ್ರ ಬದಲಾಗ್ಬಹುದು. ‘ರೇನ್ ಇನ್ ಸ್ಪೆಂಡಿಂಗ್’ ಅನ್ನಿ, ‘ರೇನ್ ಸ್ಪೆಂಡಿಂಗ್ ಇನ್’ ಅನ್ನಿ, ಎರಡೂ ಸರಿ. ಆದ್ರೆ ಇಟ್, ಹಿಮ್, ದೆಮ್ ಬಂದ್ರೆ ಮಧ್ಯಾನೇ ಕೂರ್ಬೇಕು, ‘ರೇನ್ ಇಟ್ ಇನ್’. ‘ರೇನ್ ಇನ್ ಇಟ್’ ಅಂತ ಬರ್ದ್ರೆ ಮಾರ್ಕ್ಸ್ ಹೋಯ್ತು. ಎರರ್ ಸ್ಪಾಟಿಂಗ್‌ನಲ್ಲಿ ಈ ತರದ್ದು ಕೇಳೋ ಚಾನ್ಸ್ ಜಾಸ್ತಿ.

ಈಗ ಕರ್ಬ್. ಅದೂ ಕುದುರೆ ಲಾಯದಿಂದಾನೇ ಬಂದಿದ್ದು ಅಂತ ತುಂಬಾ ಜನಕ್ಕೆ ಗೊತ್ತಿಲ್ಲ. ಬಿಟ್‌ಗಳಲ್ಲಿ ಒಂದು ಜಾತಿ ಕರ್ಬ್ ಬಿಟ್ ಅಂತ, ಅದಕ್ಕೆ ಎರಡೂ ಕಡೆ ಉದ್ದ ಕಾಲು ಥರ ಇರುತ್ತೆ, ಕುದುರೆ ಗದ್ದದ ಕೆಳಗೆ ಒಂದು ಚೈನು. ಪಟ್ಟಿ ಎಳೆದ್ರೆ ಆ ಉದ್ದ ಕಾಲುಗಳು ಮೀಟುಗೋಲಿನ ಥರ ಕೆಲಸ ಮಾಡಿ ಚೈನು ಗದ್ದಕ್ಕೆ ಬಿಗಿಯುತ್ತೆ. ಕೈಯಲ್ಲಿ ಹಾಕೋ ಬಲ ಸ್ವಲ್ಪ, ಕುದುರೆಗೆ ತಾಕೋದು ಜಾಸ್ತಿ. ಅದಕ್ಕೇ ಹೊಸಬರ ಕೈಗೆ ಕರ್ಬ್ ಬಿಟ್ ಕೊಡೋದೇ ಇಲ್ಲ. ಪದ ಫ್ರೆಂಚ್‌ನ ಬಗ್ಗಿಸು ಅನ್ನೋ ಅರ್ಥದ ಕ್ರಿಯಾಪದದಿಂದ ಬಂದಿದ್ದು, ಕರ್ವ್ ಅನ್ನೋ ಪದದ ನೆಂಟ. ಅಮೆರಿಕದವ್ರು ಫುಟ್‌ಪಾತ್ ಅಂಚಿಗೂ ಇದೇ ಸ್ಪೆಲ್ಲಿಂಗಲ್ಲಿ ಕರ್ಬ್ ಅಂತಾರೆ, ಇಂಗ್ಲೆಂಡ್‌ನವ್ರು ಅದನ್ನ ಕೆ ಹಾಕಿ ಬೇರೆ ಥರ ಬರೀತಾರೆ.

ಬಳಕೆಗೆ ಬಂದ್ರೆ, ಕರ್ಬ್‌ನಲ್ಲಿ ಮಿತಿ ಹೇರೋದು ಮುಖ್ಯ, ಒಂದು ನಿಯಮ, ಒಂದು ನಿರ್ಬಂಧ. ಅದಕ್ಕೆ ಅದು ನಾಮಪದವಾಗಿ ಆರಾಮಾಗಿ ಓಡಾಡುತ್ತೆ, 2020ರ ಕೋವಿಡ್ ಟೈಮಲ್ಲಿ ಹೆಡ್‌ಲೈನ್ ತುಂಬ ‘ಕರ್ಬ್ಸ್’, ‘ನೈಟ್ ಕರ್ಬ್ಸ್’ ಅಂತ ಇತ್ತು ನೆನಪಿದ್ಯಾ. ಅಲ್ಲಿ ‘ರೇನ್ ಇನ್ಸ್’ ಅಂತ ಬರೆಯೋಕೆ ಆಗಲ್ಲ. ಇನ್ನೊಂದು, ಶುರುವಾಗೋಕೆ ಮುಂಚೇನೇ ಕರ್ಬ್ ಹಾಕ್ಬಹುದು. ರೇನ್ ಇನ್ ಅನ್ನೋಕೆ ಕುದುರೆ ಆಗ್ಲೇ ಓಡ್ತಿರ್ಬೇಕು.

ಪೇಡೆ_ಪ್ರಿಯ_ಧಾರವಾಡ

ಅಗ್ರಹಾರದವರ, ಕುದುರಿ ಕಥಿ ಚಲೋ ಹೇಳೀರಿ, ಆದ್ರ ನಮ್ಮ ಪೇಪರಿನವ್ರು ಇದಕ್ಕ ಕಣ್ಣು ಮುಚ್ಚಿ ‘ಕಡಿವಾಣ’ ಅಂತ ಬರೀತಾರಲ್ರೀ, ಅದು ಸರಿ ಏನು ಅಂತ ನನ್ನ ಪ್ರಶ್ನೆ. ಅಕ್ರಮ ಮರಳು ದಂಧೆಗೆ ಕಡಿವಾಣ, ಬೀದಿ ನಾಯಿ ಹಾವಳಿಗೆ ಕಡಿವಾಣ, ಬೆಲೆ ಏರಿಕೆಗೆ ಕಡಿವಾಣ, ಖಾಸಗಿ ಶಾಲಿ ಫೀಗೆ ಕಡಿವಾಣ. ಡೆಸ್ಕಿನ್ಯಾಗ ಕುಂತವ್ರಿಗೆ ಬ್ಯಾರೆ ಪದಾನ ಸಿಗೂದಿಲ್ಲೇನೋ ಅನಸ್ತದ. ನಾನೂ ಒಂದಿಷ್ಟು ವರ್ಷ ಅದ ಕೆಲಸ ಮಾಡೀನಿ, ಎರಡು ಕಾಲಂ ಹೆಡ್ಡಿಂಗಿಗೆ ನಾಲ್ಕಕ್ಷರದ ಪದ ಸಿಕ್ರ ಯಾರು ಬಿಡ್ತಾರ.

ಕಡಿವಾಣ ಅಂದ್ರ ಕುದುರಿ ಬಾಯಾಗ ಹಾಕೂದು, ಕುದುರಿ ಕಡಿಯೂ ಕಬ್ಬಿಣ. ‘ಕಡಿವಾಣ ಹಾಕು’ ಅಂದ್ರ ಲಗಾಮಿಲ್ಲದ ಕುದುರಿಗೆ ಹೊಸದಾಗಿ ಲಗಾಮು ತೊಡಸೂದು. ರೇನ್ ಇನ್ ಅಂದ್ರ ಲಗಾಮು ಆಗ್ಲೇ ಐತಿ, ಪಟ್ಟಿ ನನ್ನ ಕೈಯಾಗ ಐತಿ, ಸಡಿಲ ಬಿಟ್ಟಿದ್ದೆ, ಈಗ ಬಿಗಿ ಹಿಡೀತೀನಿ. ಎರಡೂ ಒಂದ ಅಲ್ರಿ. ಅದಕ್ಕ ಮರಳು ದಂಧೆಗೆ ಕಡಿವಾಣ ಅನ್ನೂದು ನಡೀತದ, ಆದ್ರ ಇಂಗ್ಲಿಷಿನ್ಯಾಗ ಅಲ್ಲಿ ರೇನ್ ಇನ್ ಅಷ್ಟು ಹೊಂದೂದಿಲ್ಲ, ಕರ್ಬ್ ಅಥವಾ ಕ್ರ್ಯಾಕ್ ಡೌನ್ ಹೊಂದ್ತದ. ಯಾಕಂದ್ರ ಅಕ್ರಮ ಮರಳನ್ನ ಯಾರೂ ಹದವಾಗಿ ಓಡ್ಸೂದಿಲ್ಲ, ಬಂದ್ ಮಾಡಬೇಕಾಗ್ತದ. ರೇನ್ ಇನ್‌ಗೆ ಕನ್ನಡದಾಗ ನಾ ಕೊಡೂದು ‘ಲಗಾಮು ಬಿಗಿ ಹಿಡಿ’, ಇಲ್ಲಾ ಸೀದಾ ‘ಹತೋಟಿಗೆ ತಾ’.

ಇನ್ನ ಹಳೇ ಕಾವ್ಯದಾಗ ಈ ಪಟ್ಟಿಗೆ ‘ವಾಘೆ’ ಅಂತ ಒಂದು ಚಂದನ ಪದ ಅದ, ಗಮಕ ಕೇಳಿದವ್ರಿಗೆ ಗೊತ್ತಿರ್ತದ. ಈಗ ಯಾರೂ ಬಳಸೂದಿಲ್ಲ, ಹೆಡ್ಡಿಂಗಿಗೆ ಹಾಕಿದ್ರ ಹುಲಿ ಬಂತು ಅನ್ಕೋತಾರ.

ಅಗ್ರಹಾರದ_ಹುಡ್ಗ

ಸಾರ್ ಒಪ್ಕೊಳಲ್ಲ. ‘ಕಡಿವಾಣ ಹಾಕು’ ಅನ್ನೋದು ಈಗ ನುಡಿಗಟ್ಟು, ಅದನ್ನ ಕೇಳ್ದಾಗ ಯಾರ ತಲೇಲೂ ಕುದುರೆ ಬಾಯಿ ಬರಲ್ಲ. ಇಂಗ್ಲಿಷ್‌ನಲ್ಲಿ ರೇನ್ ಇನ್ ಅನ್ನೋವ್ರಿಗೂ ಬರಲ್ಲ. ‘ಖರ್ಚಿಗೆ ಕಡಿವಾಣ ಹಾಕು’ ಅಂತ ನಮ್ಮಮ್ಮ ಹೇಳಿದ್ರೆ ಅಂಗಡಿಗೆ ಹೋಗೋದೇ ನಿಲ್ಸು ಅಂತ ಅರ್ಥಾನಾ? ಸ್ವಲ್ಪ ಹಿಡಿತ ಇರ್ಲಿ ಅಂತ. ಅದು ಪಕ್ಕಾ ರೇನ್ ಇನ್.

ಪೇಡೆ_ಪ್ರಿಯ_ಧಾರವಾಡ

ಖರ್ಚಿನ ಮಾತಿನ್ಯಾಗ ಹೌದು, ಅದು ಒಪ್ದೆ. ದಂಧೆ ಹಾವಳಿ ಬಂದಾಗ ಒಪ್ಪೂದಿಲ್ಲ. ಯಾವುದಕ್ಕ ಕಡಿವಾಣ ಅನ್ನೂದ್ರ ಮ್ಯಾಲೆ ಅರ್ಥ ಹೊಳ್ಳತದ, ಅಷ್ಟ ನಾ ಹೇಳೂದು.

ಸರ್ವೆ_ನಂಬರ್_ಶೂನ್ಯ

ಮಧ್ಯ ಬಾಯಿ ಹಾಕ್ತೀನಿ. ‘ಹದ್ದುಬಸ್ತಿನಲ್ಲಿಡು’ ಯಾಕೆ ಯಾರೂ ಹೇಳ್ಲಿಲ್ಲ? ಮಾತಲ್ಲಿ ಎಲ್ರೂ ಬಳಸ್ತಾರೆ, ಮಕ್ಕಳನ್ನ ಹದ್ದುಬಸ್ತಿನಲ್ಲಿಡು, ನಾಲಿಗೇನ ಹದ್ದುಬಸ್ತಿನಲ್ಲಿಟ್ಕೊ ಅಂತ. ನಾವು ಜಮೀನು ಅಳತೆ ಕಡೆಯವ್ರು, ನಮಗೆ ಹದ್ದುಬಸ್ತು ಅಂದ್ರೆ ಇವತ್ತಿಗೂ ಅರ್ಜಿ ಹೆಸ್ರು, ರೈತ ಹದ್ದುಬಸ್ತಿಗೆ ಅರ್ಜಿ ಹಾಕ್ದ ಅಂದ್ರೆ ಸರ್ವೆಯರ್ ಹೋಗಿ ಅವನ ಜಮೀನಿನ ಗಡಿ ಗುರುತಿಸಿ ಕೊಡ್ಬೇಕು. ಅಂದ್ರೆ ಅದರ ಮೂಲ ಗಡಿ, ವೇಗ ಅಲ್ಲ. ಹಾಗಾಗಿ ಅದು ರೇನ್ ಇನ್‌ಗಿಂತ ‘ಕೀಪ್ ವಿದಿನ್ ಲಿಮಿಟ್ಸ್’ಗೆ ಹತ್ರ.

ಮೂಗುದಾರ ಬಿಟ್ಬಿಟ್ರಿ. ಊರಲ್ಲಿ ಪೋಲಿ ತಿರುಗೋ ಹುಡುಗನಿಗೆ ಮದ್ವೆ ಮಾಡಿದ್ರೆ ‘ಮೂಗುದಾರ ಹಾಕಿದ್ರು’ ಅಂತಾರೆ. ಅದನ್ನ ಇಂಗ್ಲಿಷ್ ಮಾಡಿ ಅಂದ್ರೆ ನನ್ ಕೈಲಾಗಲ್ಲ.

ಲೆಕ್ಕದ_ಮೇಷ್ಟ್ರು

ತಂಗಿ, ನಿಮ್ದು ಬ್ಯಾಂಕ್ ಪರೀಕ್ಷೆ ಆದ್ರಿಂದ ಆ ಹಣದುಬ್ಬರದ ವಾಕ್ಯಾನೇ ಹಿಡ್ಕೊಳ್ಳಿ, ಪದದ ಅರ್ಥಾನೂ ಬರುತ್ತೆ ಜೊತೆಗೆ ಜನರಲ್ ಅವೇರ್‌ನೆಸ್ ಕೂಡ ಆಗುತ್ತೆ.

2022ರ ಏಪ್ರಿಲ್‌ನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 7.79ಕ್ಕೆ ಹೋಯ್ತು. ಆರ್‌ಬಿಐಗೆ 2016ರಿಂದ ಕಾನೂನು ಪ್ರಕಾರ ಕೊಟ್ಟಿರೋ ಗುರಿ ಶೇ 4, ಅದ್ರ ಮೇಲೆ ಎರಡು ಕೆಳಗೆ ಎರಡು ಓಡಾಡ್ಬಹುದು, ಅಂದ್ರೆ 2ರಿಂದ 6ರ ಒಳಗಿರ್ಬೇಕು. ಅದು 6 ದಾಟಿ ಓಡ್ತಿತ್ತು. ಆಗ 2022ರ ಮೇನಲ್ಲಿ ರೆಪೊ ದರ ಏರ್ಸೋಕೆ ಶುರು ಮಾಡಿದ್ರು, ಶೇ 4ರಿಂದ ಹಂತ ಹಂತವಾಗಿ 2023ರ ಫೆಬ್ರವರಿಗೆ ಶೇ 6.5ಕ್ಕೆ ತಂದ್ರು. ರೆಪೊ ಅಂದ್ರೆ ಬ್ಯಾಂಕುಗಳು ಆರ್‌ಬಿಐ ಹತ್ರ ಸಾಲ ತಗೊಳೋ ಬಡ್ಡಿ, ಅದು ಏರಿದ್ರೆ ಮನೆ ಸಾಲ ಕಾರು ಸಾಲ ಎಲ್ಲ ದುಬಾರಿ, ಜನ ಖರ್ಚು ಹಿಡೀತಾರೆ, ಬೇಡಿಕೆ ಇಳಿಯುತ್ತೆ, ಬೆಲೆ ಏರೋ ವೇಗ ಕಮ್ಮಿ ಆಗುತ್ತೆ.

ಇದನ್ನ ಪೇಪರ್‌ನವ್ರು ‘ಟು ರೇನ್ ಇನ್ ಇನ್‌ಫ್ಲೇಷನ್’ ಅಂತ ಬರೆಯೋದು ಎಷ್ಟು ಸರಿಯಾಗಿದೆ ನೋಡಿ. ಹಣದುಬ್ಬರ ಸೊನ್ನೆ ಆಗ್ಲಿ ಅಂತ ಯಾರೂ ಬಯಸಲ್ಲ, ಗುರಿ ಸೊನ್ನೆ ಅಲ್ಲ 4. ಬೆಲೆ ಏರ್ತಾನೇ ಇರ್ಬೇಕು, ಆದ್ರೆ ನಿಧಾನಕ್ಕೆ. ಅಗ್ರಹಾರದವ್ರು ಹೇಳಿದ್ರಲ್ಲ ಗಾಡಿ ನಿಲ್ಲಲ್ಲ ಅಂತ, ಅದೇ. ಅಲ್ಲಿ ‘ಸ್ಟಾಪ್ ಇನ್‌ಫ್ಲೇಷನ್’ ಅಂತ ಬರ್ದ್ರೆ ಅರ್ಥಶಾಸ್ತ್ರವೇ ತಪ್ಪಾಗುತ್ತೆ. ರೆಗ್ಯುಲೇಟ್ ಅಂತ ಹಾಕಿದ್ರೂ ತಪ್ಪು, ಆರ್‌ಬಿಐ ರೆಗ್ಯುಲೇಟ್ ಮಾಡೋದು ಬ್ಯಾಂಕುಗಳನ್ನ, ನಿಯಮ ಮಾಡಿ, ಲೈಸೆನ್ಸ್ ಕೊಟ್ಟು, ತಪಾಸಣೆ ಮಾಡಿ. ಹಣದುಬ್ಬರಕ್ಕೆ ಲೈಸೆನ್ಸ್ ಕೊಡೋಕಾಗಲ್ಲ. ರಿಸ್ಟ್ರೇನ್ ಅನ್ನೋದು ಹಿಡಿದು ತಡೆಯೋದು, ಜಗಳಕ್ಕೆ ಹೋಗ್ತಿರೋನ ರಟ್ಟೆ ಹಿಡ್ಕೊಂಡ ಹಾಗೆ, ಕೋರ್ಟಿಂದ ತಡೆಯಾಜ್ಞೆ ತಂದ್ರೂ ಅದೇ ಪದ. ಕಂಟ್ರೋಲ್ ಮಾತ್ರ ಎಲ್ಲಿಗೆ ಬೇಕಾದ್ರೂ ಹೊಂದುತ್ತೆ, ಅದೇ ಅದ್ರ ತೊಂದ್ರೆ, ನಾಲ್ಕು ಆಪ್ಷನ್‌ನಲ್ಲಿ ಅದಿದ್ರೆ ಖಾಲಿ ಜಾಗದ ಮುಂದೆ ‘ಇನ್’ ಇದ್ಯಾ ಅಂತ ಮೊದ್ಲು ನೋಡಿ. ಇದ್ರೆ ಯೋಚ್ನೆನೇ ಬೇಡ, ರೇನ್.

ಜೊತೆಗೆ ಹಾರ್ನೆಸ್ ಅನ್ನೋ ಪದ ಕೊಟ್ಟು ಕಕ್ಕಾಬಿಕ್ಕಿ ಮಾಡ್ತಾರೆ. ಅದೂ ಕುದುರೆ ಸಾಮಾನೇ, ಆದ್ರೆ ಅರ್ಥ ಉಲ್ಟಾ ದಿಕ್ಕು. ಹಾರ್ನೆಸ್ ಅಂದ್ರೆ ಹೂಡೋದು, ಎತ್ತನ್ನ ಗಾಡಿಗೆ ಹೂಡಿದ ಹಾಗೆ ಶಕ್ತೀನ ಕೆಲಸಕ್ಕೆ ಹಚ್ಚೋದು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನ ರಭಸಾನ ಹಾರ್ನೆಸ್ ಮಾಡಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ರು. ಅಲ್ಲಿ ರೇನ್ ಇನ್ ಅಂದ್ರೆ ನೀರಿನ ರಭಸ ಕಮ್ಮಿ ಮಾಡಿದ್ರು ಅಂತಾಗುತ್ತೆ, ಟರ್ಬೈನೇ ತಿರುಗಲ್ಲ ಆಮೇಲೆ.

ಲೀಡ್ಸ್_ಕನ್ನಡಿಗ

ಇಂಗ್ಲೆಂಡ್‌ನಲ್ಲಿದೀನಿ, ಜಿ ಇರೋ ರೇನ್ ಮತ್ತೆ ಮನುಷ್ಯರ ವಿಷ್ಯಕ್ಕೆ ಉತ್ತರ ಕೊಡ್ತೀನಿ, ಅದೆರಡೂ ಬಾಕಿ ಇದೆ.

ಮೂರು ಪದಕ್ಕೂ ಒಂದೇ ಉಚ್ಚಾರಣೆ. ಆರ್-ಎ-ಐ-ಎನ್ ಮಳೆ. ಆರ್-ಇ-ಐ-ಜಿ-ಎನ್ ರಾಜನ ಆಳ್ವಿಕೆ. ಆರ್-ಇ-ಐ-ಎನ್ ಲಗಾಮಿನ ಪಟ್ಟಿ. ‘ಫ್ರೀ ರೇನ್’ ಜಿ ಇಲ್ದೇ ಬರೆಯೋದೇ ಸರಿ, ಪಟ್ಟಿ ಸಡಿಲ ಬಿಟ್ಟು ಕುದುರೆ ಇಷ್ಟ ಬಂದಲ್ಲಿಗೆ ಹೋಗ್ಲಿ ಅಂತ ಬಿಡೋದು. ಆದ್ರೆ ‘ಸ್ವತಂತ್ರ ಆಳ್ವಿಕೆ’ ಅಂತ ಜಿ ಹಾಕಿದ್ರೂ ಅರ್ಥ ಹೊಂದೋ ಥರ ಕಾಣುತ್ತಲ್ಲ, ಅದಕ್ಕೆ ಇಲ್ಲಿ ಹುಟ್ಟಿ ಬೆಳೆದವ್ರೂ ತಪ್ಪು ಮಾಡ್ತಾರೆ, ಆಫೀಸ್ ಮೇಲ್‌ನಲ್ಲಿ ನಾನೇ ದಂಡಿಯಾಗಿ ನೋಡಿದೀನಿ. ನಿಮ್ಮ ಕೋಚಿಂಗ್ ನೋಟ್ಸ್‌ನವ್ರು ಒಬ್ರೇ ಅಲ್ಲ ಪಾಪ. ಮೂಲ ಬೇರೆ ಬೇರೆ, ಜಿ ಇರೋದು ಲ್ಯಾಟಿನ್‌ನ ರಾಜ ಅನ್ನೋ ಪದದ ಮನೆತನದ್ದು, ಜಿ ಇಲ್ದೇ ಇರೋದು ಹಿಡಿದಿಟ್ಕೊ ಅನ್ನೋ ಕ್ರಿಯಾಪದದಿಂದ ಬಂದಿದ್ದು, ರಿಟೇನ್ ಅನ್ನೋದೂ ಅಲ್ಲಿಂದಾನೇ. ರಿಟೇನ್‌ನಲ್ಲಿ ಜಿ ಇಲ್ಲ, ರೇನ್‌ನಲ್ಲೂ ಇಲ್ಲ ಅಂತ ನೆನಪಿಟ್ಕೊಳಿ ಬೇಕಾದ್ರೆ. ‘ಟೇಕ್ ದ ರೇನ್ಸ್’, ‘ಹ್ಯಾಂಡ್ ಓವರ್ ದ ರೇನ್ಸ್’ ಅಂದ್ರೆ ಚುಕ್ಕಾಣಿ ಹಿಡಿಯೋದು, ವಹಿಸ್ಕೊಡೋದು. ಹೊಸ ಸಿಇಒ ಬಂದಾಗೆಲ್ಲ ಬರುತ್ತೆ, ಅಲ್ಲೂ ಜಿ ಇಲ್ಲ.

ಮನುಷ್ಯರಿಗೆ ಬಳಸ್ಬಹುದು, ಬಳಸ್ತಾರೆ, ಆದ್ರೆ ಹುಷಾರು. ‘ಪಕ್ಷದ ಹೈಕಮಾಂಡ್ ತನ್ನ ಶಾಸಕರನ್ನ ರೇನ್ ಇನ್ ಮಾಡ್ತು’ ಅಂದ್ರೆ ಆ ಶಾಸಕರು ಬಾಯಿಗೆ ಬಂದ ಹಾಗೆ ಮಾತಾಡ್ತಿದ್ರು ಅಂತ ಪದದಲ್ಲೇ ಸೇರ್ಕೊಂಡಿದೆ. ಹಾಗೇ ಹಿಡಿದವ್ರಿಗೆ ಹಿಡಿಯೋ ಅಧಿಕಾರ ಇದೆ ಅಂತಾನೂ. ಅದಕ್ಕೆ ಮೇಲಿನವ್ರು ಕೆಳಗಿನವ್ರನ್ನ ಮಾಡ್ಬಹುದು, ಉಲ್ಟಾ ಅಪರೂಪ. ಗೆಳೆಯರ ಮಧ್ಯೆ ‘ರೇನ್ ಇಟ್ ಇನ್ ಎ ಬಿಟ್’ ಅಂತಾರೆ, ಸ್ವಲ್ಪ ಅತಿಯಾಯ್ತು ಮಾರಾಯ ಅನ್ನೋ ಥರ, ಅದ್ರಲ್ಲಿ ಬೇಜಾರಿಲ್ಲ. ಗಂಡ ಹೆಂಡ್ತಿ ವಿಷ್ಯದಲ್ಲಿ ‘ಹೀ ರೇನ್ಸ್ ಹರ್ ಇನ್’ ಅಂತ ಬರ್ದ್ರೆ ಓದೋರಿಗೆ ಕಿರಿಕಿರಿ ಆಗುತ್ತೆ. ‘ಕಂಟ್ರೋಲಿಂಗ್’ ಅಂದ್ರಂತೂ ಇಲ್ಲಿ ಬೈಗುಳಕ್ಕಿಂತ ಜಾಸ್ತಿ. ಇಂಗ್ಲೆಂಡ್ ಮತ್ತೆ ವೇಲ್ಸ್‌ನಲ್ಲಿ 2015ರ ಕಾಯ್ದೇಲಿ ಗಂಡ ಹೆಂಡ್ತಿ, ಸಂಗಾತಿಗಳು, ಕುಟುಂಬದವ್ರ ಮಧ್ಯೆ ‘ಕಂಟ್ರೋಲಿಂಗ್ ಆರ್ ಕೊಅರ್ಸಿವ್’ ನಡವಳಿಕೇನ ಅಪರಾಧ ಅಂತ ಮಾಡಿದಾರೆ. ನಮ್ಮಲ್ಲಿ ‘ಅವನ್ನ ಸ್ವಲ್ಪ ಕಂಟ್ರೋಲಲ್ಲಿ ಇಟ್ಕೊಳಮ್ಮ’ ಅಂತ ಅತ್ತೆ ಸೊಸೆಗೆ ಹೇಳೋದನ್ನ ಯಥಾವತ್ತು ಇಂಗ್ಲಿಷ್‌ಗೆ ತರ್ಬೇಡಿ ದಯವಿಟ್ಟು.

ಕುದುರೆ_ಮೇಲಿಂದ_ಬಿದ್ದವ

ಬ್ರೈಡಲ್ ಅನ್ನೋ ಪದದ ತಮಾಷೆ ಒಂದು ಸೇರಿಸ್ತೀನಿ. ಕ್ರಿಯಾಪದವಾಗಿ ಅದಕ್ಕೂ ಹಿಡಿತದಲ್ಲಿಡು ಅಂತ ಅರ್ಥ ಇದೆ. ಆದ್ರೆ ‘ಬ್ರೈಡಲ್ ಅಟ್’ ಅಂದ್ರೆ ಸಿಡಿಮಿಡಿಗೊಳ್ಳೋದು, ಯಾರೋ ಏನೋ ಅಂದಿದ್ದಕ್ಕೆ ತಲೆ ಹಿಂದಕ್ಕೆ ಎಗರಿಸೋದು. ಪಟ್ಟಿ ಜಗ್ಗಿದಾಗ ಕುದುರೆ ಮಾಡೋದು ಅದನ್ನೇ. ಅಂದ್ರೆ ಒಂದೇ ಪದದಲ್ಲಿ ಸವಾರನ ಕಡೇದೂ ಇದೆ ಕುದುರೆ ಕಡೇದೂ ಇದೆ. ರೀಡಿಂಗ್ ಕಾಂಪ್ರಿಹೆನ್ಷನ್‌ನಲ್ಲಿ ಬಂದ್ರೆ ಪಕ್ಕದಲ್ಲಿ ‘ಅಟ್’ ಇದ್ಯಾ ನೋಡಿ.

ಹಾಸನದ_ಕಡೆಯವಳು

ಅಯ್ಯೋ ಇಷ್ಟೊಂದು ಬರೀತೀರಾ ಅಂತ ಅನ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್ ಎಲ್ರಿಗೂ. ನಾನೇ ಒಂದಷ್ಟು ವಾಕ್ಯ ಮಾಡಿದೀನಿ, ಕನ್ನಡದಲ್ಲೇ ಹೇಳ್ತೀನಿ, ರೇನ್ ಇನ್ ಹೊಂದುತ್ತಾ ನೋಡಿ. ಪೊಲೀಸ್ರು ಕಳ್ಳನ್ನ ರೇನ್ ಇನ್ ಮಾಡಿದ್ರು. ಕಂಪನಿ ಜಾಹೀರಾತು ಖರ್ಚನ್ನ ರೇನ್ ಇನ್ ಮಾಡ್ತು. ಡಾಕ್ಟ್ರು ರಕ್ತಸ್ರಾವ ರೇನ್ ಇನ್ ಮಾಡಿದ್ರು. ಅವ್ಳು ಕೋಪ ರೇನ್ ಇನ್ ಮಾಡ್ಕೊಂಡ್ಳು. ಎಸಿ ಟೆಂಪರೇಚರ್ ರೇನ್ ಇನ್ ಮಾಡು. ಇಷ್ಟು.

ಲೆಕ್ಕದ_ಮೇಷ್ಟ್ರು

ಖರ್ಚು, ಕೋಪ ಎರಡೂ ಫಸ್ಟ್ ಕ್ಲಾಸ್. ಕಳ್ಳನ್ನ ಹಿಡಿಯೋದು ಕ್ಯಾಚ್ ಅಥವಾ ಅರೆಸ್ಟ್, ಅವನು ಹದವಾಗಿ ಕದೀಲಿ ಅಂತ ಪೊಲೀಸ್ರಿಗೆ ಆಸೆ ಇರಲ್ಲ. ರಕ್ತಸ್ರಾವಕ್ಕೆ ಕಂಟ್ರೋಲ್ ಅಥವಾ ಸ್ಟಾಪ್, ಡಾಕ್ಟ್ರುಗಳೇ ‘ಕಂಟ್ರೋಲ್ ದ ಬ್ಲೀಡಿಂಗ್’ ಅಂತಾರೆ. ಎಸಿಗೆ ಕಂಟ್ರೋಲ್, ಇಲ್ಲಾ ಬರೀ ಸೆಟ್. ಆದ್ರೆ ಎಸಿ ಹಗಲೂ ರಾತ್ರಿ ಓಡ್ಸಿ ಕರೆಂಟ್ ಬಿಲ್ ಏರ್ತಾ ಹೋದ್ರೆ, ಆ ಬಿಲ್ಲನ್ನ ರೇನ್ ಇನ್ ಮಾಡ್ಬೇಕು ಅನ್ಬಹುದು.

ಪಾಸ್ಟ್ ಟೆನ್ಸ್ ಬರೆಯುವಾಗ ಎನ್ ಒಂದೇ, ಆರ್-ಇ-ಐ-ಎನ್-ಇ-ಡಿ. ಎರಡು ಎನ್ ಹಾಕ್ಬೇಡಿ.

ಸುಮ್ನೆ_ಬಂದೆ

ಗೂಗಲ್ ಮಾಡಿ ಅಂದಿದ್ದು ವಾಪಸ್ ತಗೊಂಡೆ. ಮೇಷ್ಟ್ರೇ, ‘ಮ್ಯಾನೇಜ್’ ಬಗ್ಗೆ ಒಂದು ಥ್ರೆಡ್ ಹಾಕ್ಲಾ? ನಮ್ಮ ಆಫೀಸಲ್ಲಿ ಎಲ್ಲಾದಕ್ಕೂ ‘ಹೆಂಗಾದ್ರೂ ಮ್ಯಾನೇಜ್ ಮಾಡು’ ಅಂತಾರೆ.

ಲೆಕ್ಕದ_ಮೇಷ್ಟ್ರು

ಹಾಕಿ. ಅದೂ ಮೊದ್ಲು ಕುದುರೆ ಪಳಗಿಸೋದಕ್ಕೇ ಇದ್ದ ಪದ, ಇಟಲಿ ಭಾಷೆಯಿಂದ ಬಂದಿದ್ದು. ನಮ್ಮ ಬಿದ್ದವ್ರನ್ನ ಅಲ್ಲಿಗೂ ಕರೀರಿ.